ಹಿಮದ ಮೇಲೆ ಸಾರಿನ ಬಕೆಟ್ಟು

ಗುರುಪ್ರಸಾದ ಸ್ಕೀಯಿಂಗ್ ಕಲಿಯಲು ಹೊರಟಿದ್ದು ಮಗಳು ಇಂದುವಿಗಾಗಿ. ಕ್ಯುಪರ್ಟಿನೋದ ಸ್ಕೂಲಿನ ಗೆಳತಿಯರ ಜೊತೆ ಟಾಹೋದ ಹಿಮಬೆಟ್ಟಕ್ಕೆ ಹೋಗಿ ಕಲಿತ ಅವಳು, ಹಿಮದ ಇಳಿಜಾರಿನಲ್ಲಿ ನೀರಿನಂತೆ ಹರಿದು ಬರುತ್ತಿದ್ದಳು. ಅವಳ ಪಕ್ಕದಲ್ಲಿ ಒಮ್ಮೆಯಾದರೂ ಇಳಿಯಬೇಕೆಂದು ಅಪ್ಪನ ಆಸೆ. ಆದರೆ ಎರಡು ಚಳಿಗಾಲ ಕಳೆದರೂ ನಾಲ್ಕು ಮಾರು ಜಾರುವಷ್ಟರಲ್ಲಿ ಹಿಂದಕ್ಕೆ ಕುಕ್ಕರಿಸುತ್ತಿದ್ದ.

ಹೆಂಡತಿ ನಿರುಪಮಾ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟು. ಬಿದ್ದವರನ್ನು ಮತ್ತೆ ನಡೆಸುವುದೇ ಅವಳ ಕೆಲಸ. ಸ್ವತಃ ಸ್ಕೀ ಮೆಟ್ಟಿದವಳಲ್ಲ. ಕೆಳಗೆ ಬೆಂಚಿನ ಮೇಲೆ ಕಾಫಿ ಕುಡಿಯುತ್ತ ಗಂಡ ಬೀಳುವುದನ್ನು ನೋಡುತ್ತಿದ್ದಳು. ೧೯೮೬ರ ಜನವರಿಯಲ್ಲಿ ಅವಳಿಗೆ ಕಾರಣ ಹೊಳೆಯಿತು. ಇಳಿಜಾರು ಕಂಡೊಡನೆ ಅವನು ಹೆದರಿ ಮೈಯನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಭಾರವೆಲ್ಲ ಹಿಮ್ಮಡಿಗೆ ಹೋಗಿ, ಕಾಲಿಗೆ ಕಟ್ಟಿದ ಸ್ಕೀ ಹಲಗೆಯ ಮುಂತುದಿ ಹಗುರಾಗಿ, ತಿರುಗಿಸಿದತ್ತ ತಿರುಗುತ್ತಿರಲಿಲ್ಲ.

ಆ ವಾರವೇ ಮನೆಯ ಕಾರ್ಪೆಟ್ಟಿನ ಮೇಲೆ ಪಾಠ ಶುರುವಾಯಿತು. ಪಂಚೆಯ ಕೆಳಗೆ ಸ್ಕೀ ಬೂಟು ತೊಟ್ಟ ಅಪ್ಪನನ್ನು ನೋಡಿ ಇಂದು ಸೋಫಾದ ಮೇಲೆ ಉರುಳಾಡಿ ನಕ್ಕಳು. ಕಣಕಾಲು ಬೂಟಿನ ಮುಂಭಾಗಕ್ಕೆ ಒತ್ತಿರಬೇಕು, ಮಂಡಿ ಸಡಿಲವಾಗಿರಬೇಕು ಎಂದು ನಿರುಪಮಾ ತೋರಿಸಿಕೊಟ್ಟಳು. ಎಷ್ಟು ಹೇಳಿದರೂ ಅವನ ಕೈಗಳು ಹಿಂದಕ್ಕೇ ಹೋಗುತ್ತಿದ್ದವು.

"ರೀ, ನಿಮ್ಮ ತಂಗಿ ಮದುವೇಲಿ ಸಾರು ಬಡಿಸಿದ್ರಲ್ಲ, ಬಕೆಟ್ಟು ಹಿಡ್ಕೊಂಡು ಹಿಂದಕ್ಕೆ ವಾಲಿದ್ರಾ?" ಎಂದಳು.

ಅವನು ಎಲೆಯ ಮುಂದೆ ಬಾಗಿದಂತೆ ಬಾಗಿದ. ಭಾರ ಪಾದದ ನಡುಭಾಗಕ್ಕೆ ಬಂದು ಕೂತಿತು. ಅವಳು ಭುಜ ಹಿಡಿದು ನೂಕಿದರೂ ಕದಲಲಿಲ್ಲ.

ಮುಂದಿನ ಶನಿವಾರ ಇಳಿಜಾರಿನ ತಲೆಯಲ್ಲಿ ನಿಂತಾಗ ಹಳೆಯ ಹೆದರಿಕೆ ಮತ್ತೆ ಬಂತು. ಪಕ್ಕದಲ್ಲಿದ್ದ ಇಂದು, "ಜಸ್ಟ್ ಸರ್ವ್ ದ ಸಾರು, ಡ್ಯಾಡ್" ಎಂದಳು. ಅವನು ನಗುತ್ತಲೇ ಹೊರಟ. ಅಪ್ಪ ಮಗಳು ಎಡಕ್ಕೂ ಬಲಕ್ಕೂ ತಿರುಗುತ್ತ ಜೊತೆಯಾಗಿ ಇಳಿದು ಬಂದಾಗ, ಬೆಂಚಿನ ಮೇಲಿದ್ದ ನಿರುಪಮಾ ತನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದಳು.

ಮಧ್ಯಾಹ್ನ ಅಪ್ಪ ಮಗಳು ಸೇರಿ ಅವಳಿಗೂ ಬಾಡಿಗೆಯ ಸ್ಕೀ ತೊಡಿಸಿದರು. ಮಕ್ಕಳು ಕಲಿಯುವ ಪುಟ್ಟ ಇಳಿಜಾರು ಅದು. ಎಲ್ಲ ತಿಳಿದವಳು, ಜಾರತೊಡಗಿದ ಕೂಡಲೇ ಮೈ ಹಿಂದಕ್ಕೆಳೆದುಕೊಂಡು ಹಿಮದಲ್ಲಿ ಕೂತೇಬಿಟ್ಟಳು.

"ಗೊತ್ತಿದ್ರೂ ಮೈ ಕೇಳಲ್ಲ ಕಣ್ರೀ" ಎಂದಳು, ಸಣ್ಣ ದನಿಯಲ್ಲಿ.

ಗುರುಪ್ರಸಾದ ನಗಲಿಲ್ಲ. ಅವಳ ಕೋಟಿನ ಮೇಲಿನ ಹಿಮ ಕೊಡವಿ ಕೈ ನೀಡಿದ.

"ನಾನು ಎರಡು ವರ್ಷ ಬಿದ್ದೆ. ನಿಂಗೇನು ಅವಸರ?"

ಅವಳು ಆ ಕೈ ಹಿಡಿದು ಎದ್ದಳು.