ಬೆಚ್ಚಗಿನ ಪೀಪಾಯಿ

ಅತ್ತೆ ಹಾಡು ಕಲಿಸುವವರು. ಗಂಟಲು ಕೆಡುತ್ತದೆಂದು ಅವರ ಮನೆಯಲ್ಲಿ ತಣ್ಣನೆಯ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಶುಂಠಿ ಸೋಡಾ ಮಾಡಲು ಹೊರಟ ಸೊಸೆ, ಪಾಕ ಬೆರೆಸಿದ ನೀರನ್ನು ಸ್ಟೀಲಿನ ಪೀಪಾಯಿಗೆ ತುಂಬಿ, ಒಲೆಯ ಪಕ್ಕದಲ್ಲೇ ಇಟ್ಟು ಸೋಡಾಕ್ಕೆಂದೇ ತಂದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ಗ್ಯಾಸ್ ಬಿಟ್ಟಳು. ಮರುದಿನ ಸಂಜೆ ಬೇಕರಿಯವರು ರುಚಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಆ ಅಂಗಡಿಯಲ್ಲಿ ಇವಳ ಸೋಡಾ ಮಾರಾಟಕ್ಕಿಡುವ ಮಾತಾಗಿತ್ತು.

ಬೆಳಿಗ್ಗೆ ಪೀಪಾಯಿಯ ನಲ್ಲಿ ತಿರುಗಿಸಿದರೆ ಲೋಟದ ತುಂಬ ಬರೀ ನೊರೆ. ಅದು ಇಳಿದ ಮೇಲೆ ಉಳಿದದ್ದು ಸಪ್ಪೆ ನೀರು. ಗ್ಯಾಸ್ ಹೆಚ್ಚಿಸಿದಳು, ನೊರೆಯೂ ಹೆಚ್ಚಿತು.

"ಅತ್ತಿಗೆ, ಇದು ಕುಡಿಯೋಕೋ, ಬಟ್ಟೆ ನೆನೆಸೋಕೋ?" ಎಂದ ಮೈದುನ.

"ಬಟ್ಟೆ ನೆನೆಸೋದು ನಿಂಗೆ ಯಾವಾಗಿಂದ ಗೊತ್ತಾಯ್ತು?" ಎಂದಳಾದರೂ ಅವಳಿಗೆ ಅಳು ಬರುವಂತಿತ್ತು.

ಅತ್ತೆ ಒಳಗೆ ಬಂದರು. "ನಿಂಗೆ ಸೋಡಾ ಮಾಡೋದು ಕಲಿಸಿದವರು ಹೇಗೆ ಮಾಡು ಅಂದಿದ್ರಮ್ಮ?"

"ಮೊದಲು ನೀರು ಚೆನ್ನಾಗಿ ತಣ್ಣಗಾಗಬೇಕಂತೆ, ಆಗಲೇ ಗ್ಯಾಸ್ ಕರಗೋದಂತೆ. ಈ ಮನೇಲಿ ಅದು ಬೇಡ ಅಂತ ಬಿಟ್ಟೆ."

"ಶ್ರುತಿ ಸೇರಿಸದೆ ಹಾಡ್ತೀನಿ ಅಂದ್ರೆ ನಾನು ಬಿಡ್ತೀನಾ? ಕುಡೀಬೇಡಿ ಅಂದಿದ್ದೆ, ಮಾಡಬೇಡಿ ಅಂದಿರಲಿಲ್ಲ." ಕಿರಿಮಗನ ಕಡೆ ತಿರುಗಿದರು. "ಹೋಗು, ಐಸ್ ತಗೊಂಡು ಬಾ."

ಬಟ್ಟೆ ಒಗೆಯುವ ಟಬ್ಬಿನಲ್ಲಿ ಐಸಿನ ನಡುವೆ ಪೀಪಾಯಿ ಕೂತಿತು. ಅದು ಕೈಗೆ ಕೊರೆಯುವಷ್ಟು ತಣ್ಣಗಾದ ಮೇಲೆ ಸೊಸೆ ಮತ್ತೆ ಗ್ಯಾಸ್ ಕೊಟ್ಟು ಅಲ್ಲಾಡಿಸಿದಳು. ಬಡಿಸುವ ಮುಂಚೆ, ನೊರೆ ಉಕ್ಕದಿರಲೆಂದು ಪೀಪಾಯಿಯ ಒತ್ತಡ ಇಳಿಸಿದಳು.

ಬೇಕರಿಯವರು ಒಂದು ಗುಟುಕು ಕುಡಿದು, ಮೂಗಿಗೇರಿದ ಗ್ಯಾಸಿಗೆ ಕಣ್ಣು ಒರೆಸಿಕೊಂಡು, ಉಳಿದದ್ದನ್ನೂ ಮುಗಿಸಿ ಖಾಲಿ ಲೋಟ ಮುಂದೆ ಚಾಚಿದರು.

"ಶನಿವಾರದಿಂದ ಕಳಿಸ್ತೀರಾ?" ಎಂದರು.