ಚಾವಣಿಯ ಮೇಲಿನವರು

ನನ್ನ ಮದುವೆಯ ಕೇಕು ವಾಲಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಮನೆತನದ ಇತ್ತೀಚಿನ ಇತಿಹಾಸವೆಲ್ಲ ಶುರುವಾಗುವುದೇ ಅಲ್ಲಿಂದ. ಮೂರು ಅಂತಸ್ತಿನ ಆ ಕೇಕನ್ನು ಚಿಕ್ಕಮ್ಮ ತನ್ನ ಬೇಕರಿಯಲ್ಲಿ ನಿದ್ದೆಗೆಟ್ಟು ಮಾಡಿದ್ದಳು. ಅದನ್ನು ತಂದು ಮೇಜಿನ ಮೇಲಿಟ್ಟು, ನೆಂಟರೆಲ್ಲ ಚಪ್ಪಾಳೆ ಹೊಡೆಯಲು ಕೈ ಎತ್ತುವಷ್ಟರಲ್ಲಿ, ಅವಳ ಸ್ವಂತ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಕತ್ತು ಓರೆ ಮಾಡಿ ನೋಡಿ, "ಸ್ವಲ್ಪ ವಾಲಿದೆ ಅಲ್ವಾ?" ಅಂದಳು.

ದೊಡ್ಡಮ್ಮ ದರ್ಜಿ. ಅಂಚು ನೂಲೆಳೆಯಷ್ಟು ಓರೆಯಾದರೂ ಅವಳ ಕಣ್ಣು ಬಿಡುವುದಿಲ್ಲ. ಬಾಯಂತೂ ಬಿಡುವುದೇ ಇಲ್ಲ. ಚಿಕ್ಕಮ್ಮನಿಗೋ ಸಿಟ್ಟು ಮೂಗಿನ ತುದಿಯಲ್ಲೇ. ಅವತ್ತು ನಿಂತ ಮಾತು ನಿಂತೇ ಹೋಯಿತು. ನನಗೆ ಮಗಳು ಹುಟ್ಟಿ, ಶಾಲೆ ಸೇರಿ, ಮಗ್ಗಿ ಕಲಿತದ್ದಾಯಿತು; ಇವರಿಬ್ಬರು ಮಾತ್ರ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮಮ್ಮ ಇಬ್ಬರ ನಡುವಿನವಳು. ರಾಜಿ ಮಾಡಿಸಲು ಹೋಗಿ ಎರಡೂ ಕಡೆ ಬೈಸಿಕೊಂಡು, "ಏನಾದ್ರೂ ಮಾಡ್ಕೊಳ್ಳಿ" ಎಂದು ಕೈತೊಳೆದುಕೊಂಡಿದ್ದಳು.

ತಮಾಷೆಯೆಂದರೆ ಇಬ್ಬರೂ ಇರುವುದು ಒಂದೇ ಕಟ್ಟಡದಲ್ಲಿ. ಕೆಳಗೆ ಚಿಕ್ಕಮ್ಮನ ಬೇಕರಿ, ಅದರ ಹಿಂದಿನ ಕೋಣೆಯಲ್ಲಿ ಅವಳ ವಾಸ. ಸರಿಯಾಗಿ ಒಲೆಯ ನೆತ್ತಿಯ ಮೇಲೆ ದೊಡ್ಡಮ್ಮನ ಮನೆ ಮತ್ತು ಹೊಲಿಗೆ ಯಂತ್ರ. ಮೇಲಿನ ಮನೆಯ ಮೆಟ್ಟಿಲು ಹಿಂದಿನ ಬೀದಿಗೆ ಇಳಿಯುತ್ತಿದ್ದರಿಂದ ಎದುರುಬದುರಾಗುವ ಅಪಾಯ ಕಡಿಮೆ. ಹೆಸರು, ಸಂಬಂಧ ಎರಡೂ ರದ್ದು. ಅಕ್ಕ "ಮೇಲಿನವರು", ತಂಗಿ "ಕೆಳಗಿನವರು".

ಆದರೂ ದಿನವೂ ಮಾತಾಡುತ್ತಿದ್ದರು. ಬೆಳಿಗ್ಗೆ ಎದ್ದವಳೇ ದೊಡ್ಡಮ್ಮ ಬಟ್ಟೆ ಅಳೆಯುವ ಗಜಕೋಲಿನಿಂದ ನೆಲಕ್ಕೆ ಮೂರು ಏಟು ಕುಟ್ಟುತ್ತಿದ್ದಳು. ಕೆಳಗಿನಿಂದ ಚಿಕ್ಕಮ್ಮ ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಸಲಿಕೆಯನ್ನು ತಲೆಕೆಳಗು ಮಾಡಿ ಚಾವಣಿಗೆ ಎರಡು ಕುಟ್ಟುತ್ತಿದ್ದಳು. ಎದ್ಯಾ? ಎದ್ದೆ. ಆಮೇಲೆ ಸಲಿಕೆಯಿಂದ ಒಂದು ಸಲ ಉದ್ದಕ್ಕೆ ಗೀರಿದರೆ, ಮೆಟ್ಟಿಲ ಬುಡದಲ್ಲಿ ಬಿಸಿ ಬ್ರೆಡ್ಡು ಇಟ್ಟಿದ್ದೇನೆ ಎಂದು ಅರ್ಥ. ಇದಕ್ಕೆ ಮಾತು ಅನ್ನಬಾರದು ಎಂದು ಇಬ್ಬರೂ ಆಣೆ ಮಾಡಿ ಹೇಳುತ್ತಿದ್ದರು. ಅವರ ನಡುವೆ ಉಳಿದಿದ್ದ ಎಳೆ ಅದೊಂದೇ. ಅದನ್ನು ಕತ್ತರಿಸಿದವಳು ನಾನು.

ನನ್ನ ಕಸುಬು ಹಳೆಯ ಕಾಂಕ್ರೀಟ್ ಕಟ್ಟಡಗಳಿಗೆ ಬೆಂಕಿ ತಡೆಯುವ ಹಲಗೆ ಹೊದಿಸುವುದು. ಹಿಂದಿನ ಬೀದಿಯ ಒಂದು ಗೋದಾಮಿಗೆ ಬೆಂಕಿ ಬಿದ್ದ ವಾರ ಚಿಕ್ಕಮ್ಮ ಫೋನ್ ಮಾಡಿ ಕರೆಸಿದಳು. ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ, ಆದರೆ ಚಾವಣಿ ಸಿಡಿದು ಕಂಬಿಗಳು ಜೋತುಬಿದ್ದದ್ದನ್ನು ಇವಳು ಹೋಗಿ ನೋಡಿ ಬಂದಿದ್ದಳು.

"ಕಾಂಕ್ರೀಟು ಉರಿಯಲ್ಲ ಅಂತಾರಲ್ಲೇ?"

"ಕಾಂಕ್ರೀಟು ಉರಿಯಲ್ಲ ಚಿಕ್ಕಮ್ಮ. ಒಳಗಿರೋ ಕಂಬಿ ಕಾದ್ರೆ ಮೆತ್ತಗಾಗುತ್ತೆ. ಕಂಬಿ ಸೋತ್ರೆ ಚಾವಣಿ ಸೋತ ಹಾಗೆ." ನಾನು ಒಲೆಯ ಮೇಲಿನ ಚಾವಣಿಗೆ ಕಂಬಿಯ ಆಳ ತೋರಿಸುವ ಯಂತ್ರ ಹಿಡಿದು ನೋಡಿದೆ. ಕಂಬಿಯ ಕೆಳಗಿನ ಕಾಂಕ್ರೀಟು ಒಂದು ಬೆರಳ ದಪ್ಪವೂ ಇರಲಿಲ್ಲ. ಕಟ್ಟಿದ ಪುಣ್ಯಾತ್ಮ ಅಲ್ಲಿ ಕೈ ಬಿಗಿ ಹಿಡಿದಿದ್ದ.

"ಹಲಗೆ ಹೊಡೆದ್ರೆ?"

"ಬೆಂಕಿ ಬಿದ್ರೂ ಎರಡು ಗಂಟೆ ತಡೆಯುತ್ತೆ."

ಚಿಕ್ಕಮ್ಮ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ಯೋಚಿಸಿದಳು. "ಮೇಲಿನವರಿಗೆ ಮಂಡಿನೋವು. ಮೆಟ್ಟಿಲು ಇಳಿಯೋಕೆ ಎರಡು ಗಂಟೆ ಸಾಕಾ?"

"ಇಳಿದು, ಕನ್ನಡಕ ಮರೆತು, ವಾಪಸ್ ಹತ್ತಿ, ಹುಡುಕಿ, ಬೈದು, ಮತ್ತೆ ಇಳಿಯೋಕೂ ಸಾಕು."

"ಹಾಗಾದ್ರೆ ಹೊಡಿ. ಆದ್ರೆ ಅವರಿಗೋಸ್ಕರ ಅಂತ ಎಲ್ಲಾದ್ರೂ ಬಾಯಿ ಬಿಟ್ಯೋ, ನಿಂಗೆ ಈ ಜನ್ಮದಲ್ಲಿ ನನ್ನ ಬನ್ನು ಸಿಗಲ್ಲ."

ಅವಳ ಬನ್ನು ಕಳೆದುಕೊಳ್ಳುವಷ್ಟು ದಡ್ಡಿ ನಾನಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಶುರು ಮಾಡಿದೆ. ನನ್ನ ಜೊತೆ ಕೆಲಸ ಮಾಡುವವನನ್ನು ಎಲ್ಲರೂ ಏಣಿ ಅನ್ನುತ್ತಾರೆ. ಅವನು ಕೈ ಚಾಚಿದರೆ ಚಾವಣಿ ಸಿಗುತ್ತದೆ. ಒಲೆ ಆರಿಸಿ, ಡಬ್ಬಿಗಳನ್ನೆಲ್ಲ ಹೊರಗಿಟ್ಟು, ಚಾವಣಿಗೆ ಉಕ್ಕಿನ ಪಟ್ಟಿ ಕೂರಿಸಿದೆವು. ಸ್ಕ್ರೂ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಬಿರಡೆ ಬಿಸಿಗೆ ಕರಗುತ್ತದೆ, ಆದ್ದರಿಂದ ಬಿರಡೆಯೂ ಉಕ್ಕಿನದೇ. ಪಟ್ಟಿಗಳ ನಡುವೆ ಕಲ್ಲಿನಿಂದ ಮಾಡಿದ ಉಣ್ಣೆ ತುಂಬಿ, ಅದರ ಕೆಳಗೆ ಎರಡು ಪದರ ಹಲಗೆ. ಮೊದಲ ಪದರದ ಸಂದನ್ನು ಎರಡನೆಯ ಪದರ ಮುಚ್ಚಬೇಕು. ಸಂದಿನ ಮೇಲೆ ಸಂದು ಬಂದರೆ ಬೆಂಕಿಗೆ ಬಾಗಿಲು ತೆರೆದಿಟ್ಟ ಹಾಗೆ. ಚಿಕ್ಕಮ್ಮ ಮೈದಾ ಮೂಟೆಯ ಮೇಲೆ ಕುಳಿತು, "ಅಲ್ಲೊಂದು ಸ್ಕ್ರೂ ಕಮ್ಮಿ ಆಯ್ತು," "ಇಲ್ಲಿ ಇನ್ನಷ್ಟು ಪುಟ್ಟಿ ಮೆತ್ತು," ಎಂದು ಮೇಸ್ತ್ರಿಗಿರಿ ಮಾಡಿದಳು. ಮನಸ್ಸಿಟ್ಟು ಮಾಡಿದ ಕೆಲಸ. ಅಷ್ಟು ಚೆಂದದ ಚಾವಣಿಯನ್ನು ನಾನು ನನ್ನ ಮನೆಗೂ ಮಾಡಿಕೊಂಡಿಲ್ಲ.

ಮುಗಿದ ದಿನ ಏಣಿ ಹಲಗೆಯನ್ನು ಬೆರಳಲ್ಲಿ ತಟ್ಟಿ, "ಅಕ್ಕಾ, ಇನ್ನು ಕೆಳಗಿನ ಬಿಸಿ ಮೇಲೆ ಹೋಗಲ್ಲ, ಮೇಲಿನ ಸದ್ದು ಕೆಳಗೆ ಬರಲ್ಲ" ಅಂದ. ನಾನು ಹೆಮ್ಮೆಯಿಂದ ಬೀಗಿದೆ. ಇಂಥ ತಪ್ಪನ್ನು ನಮ್ಮ ಕಸುಬಿನವರೇ ಮಾಡಬೇಕು. ಬೆಂಕಿಯೊಂದು ಬಿಟ್ಟು ಬೇರೇನೂ ನಮ್ಮ ತಲೆಗೆ ಹೋಗುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಚಿಕ್ಕಮ್ಮನ ಫೋನು. "ನಿನ್ನ ಹಲಗೆ ತೂತು ಬಿದ್ದಿದೆ. ಎಂಥ ಮಾಲು ಹಾಕಿದ್ದೀಯೇ?"

ನನಗೆ ರಕ್ತ ಕುದಿಯಿತು. ಏಣಿಯನ್ನು ಎಳೆದುಕೊಂಡು ಓಡಿದೆ. ನೋಡಿದರೆ ಒಲೆಯ ಪಕ್ಕದ ಹಲಗೆಯ ತುಂಬ ಗುಂಡಗಿನ ತಗ್ಗುಗಳು, ಪ್ರತಿಯೊಂದಕ್ಕೂ ಹಿಟ್ಟಿನ ಉಂಗುರ. ನಡುವಿನದು ಎರಡೂ ಪದರ ತೂರಿ ಉಣ್ಣೆ ಹೊರಗೆ ಇಣುಕುತ್ತಿತ್ತು. ಮೂಲೆಯಲ್ಲಿ ಸಲಿಕೆ ಏನೂ ಅರಿಯದ ಹಾಗೆ ಗೋಡೆಗೆ ಒರಗಿತ್ತು.

"ಚಿಕ್ಕಮ್ಮಾ! ಬೆಂಕಿ ತಡೆಯೋ ಹಲಗೆ ಇದು, ನಿನ್ನ ಕೈ ತಡೆಯೋದಲ್ಲ! ಯಾಕೆ ಹೀಗೆ ಕುಟ್ಟಿದ್ದು?"

ಅವಳು ತಿರುಗಿ ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಹಿಟ್ಟು ನಾದುವ ಮೇಜಿನ ಅಂಚು ಹಿಡಿದು ನಿಂತಳು.

"ಮೇಲಿನವರ ಸದ್ದೇ ಇಲ್ಲ ಕಣೇ. ಬೆಳಿಗ್ಗೆ ಕುಟ್ಟಲ್ಲ. ನಾನೇ ಕುಟ್ಟಿದ್ರೂ ಉತ್ತರ ಇಲ್ಲ. ಇಟ್ಟ ಬ್ರೆಡ್ಡು ಹಾಗೇ ಬಿದ್ದಿದೆ. ಸಂಜೆ ದೀಪ ಉರೀತಿರುತ್ತೆ, ಕಿಟಕೀಲಿ ಓಡಾಡೋದು ಕಾಣುತ್ತೆ. ಇದ್ದಾರೆ, ಚೆನ್ನಾಗೇ ಇದ್ದಾರೆ. ನಾನು ಬೇಡ ಅಷ್ಟೆ."

ಆಗ ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಎರಡು ಪದರ ಹಲಗೆ, ಒಂದು ಪದರ ಉಣ್ಣೆ. ನಾನೇ ಕೈಯಾರೆ ತುಂಬಿದ್ದು. "ಅಯ್ಯೋ, ಅದು ಹಲಗೆಯಿಂದ ಚಿಕ್ಕಮ್ಮ! ಸದ್ದು ದಾಟ್ತಿಲ್ಲ ಅಷ್ಟೆ. ಮೇಲೆ ಹೋಗಿ ಒಂದು ಮಾತು ಹೇಳಿ ಬಾ."

"ನಾನ್ಯಾಕೆ ಹೋಗ್ಲಿ? ವಾಲಿದೆ ಅಂದವರು ಬರಲಿ."

ಹೇಳಿ ಪ್ರಯೋಜನವಿರಲಿಲ್ಲ. ಏಣಿ ಒಡೆದ ಹಲಗೆಯನ್ನು ಚೌಕವಾಗಿ ಕತ್ತರಿಸಿ ಇಳಿಸಿದ. ಆ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಹಿಂದಿನ ಬೀದಿಗೆ ಸುತ್ತಿಹೋಗಿ ಮೆಟ್ಟಿಲು ಹತ್ತಿದೆ.

ದೊಡ್ಡಮ್ಮ ಯಂತ್ರದ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಅವಳ ಕಾಲ ಬಳಿ ನೆಲದ ಟೈಲ್ಸು ನಕ್ಷತ್ರದ ಹಾಗೆ ಸೀಳಿತ್ತು. ಗಜಕೋಲಿನ ತುದಿಯೂ ಜಜ್ಜಿಹೋಗಿತ್ತು. ಅಕ್ಕತಂಗಿಯರ ಕೈ ಒಂದೇ ಅಚ್ಚಿನದು.

"ಬಾ ತಾಯಿ, ಬಾ. ಕೆಳಗಿನವರ ಇಂಜಿನಿಯರ್ರೇ ಬಂದ್ರು. ಎಷ್ಟು ದಿನ ಡ್ರಿಲ್ಲು ಹೊಡೆದ್ರಿ! ನನ್ನ ಸದ್ದು ಕಿವಿಗೆ ಬೀಳಬಾರದು ಅಂತ ಹಲಗೆ ಹೊಡೆಸಿಕೊಂಡಳಲ್ಲ ಅವಳು. ಬಾಯಿಬಿಟ್ಟು ಹೇಳಿದ್ರೆ ನಾನೇ ಕುಟ್ಟೋದು ಬಿಡ್ತಿದ್ದೆ."

ಹಾಳಾಗಲಿ ಬನ್ನು ಅಂದುಕೊಂಡೆ. ಹಲಗೆಯ ತುಂಡನ್ನು ಅವಳ ಮಡಿಲಲ್ಲಿಟ್ಟೆ.

"ನೋಡು ದೊಡ್ಡಮ್ಮ. ಈ ತಗ್ಗೆಲ್ಲ ಸಲಿಕೇದು. ಸದ್ದು ಕೇಳಬಾರದು ಅನ್ನೋಳು ಹೀಗೆ ಕುಟ್ತಾಳಾ? ಹಲಗೆ ಹೊಡೆಸಿದ್ದು ನಿನಗೋಸ್ಕರ. ಒಲೆಗೆ ಬೆಂಕಿ ಹತ್ತಿದ್ರೆ ಮಂಡಿನೋವಿನವಳು ಇಳಿದು ಬರೋಕೆ ಹೊತ್ತು ಸಿಗಲಿ ಅಂತ. ಎರಡು ಗಂಟೆ ಸಾಕಾ ಅಂತ ನನ್ನ ಕೇಳಿದ್ಲು."

ದೊಡ್ಡಮ್ಮ ಬಟ್ಟೆಯ ನೇಯ್ಗೆ ನೋಡುವವಳಂತೆ ಹಲಗೆಯ ಮೇಲೆ ಬೆರಳಾಡಿಸುತ್ತಾ ಒಂದೊಂದೇ ತಗ್ಗನ್ನು ಮುಟ್ಟಿದಳು. ಬೆರಳಿಗೆ ಹಿಟ್ಟು ಅಂಟಿತು. ಕೊನೆಗೆ ಮೂಗೊರೆಸಿಕೊಂಡು, "ಒಂದು ಸಣ್ಣ ತೂತು ಬಿಡೋಕಾಗಲ್ವೇನೇ? ಸದ್ದು ಹೋಗೋಷ್ಟು?" ಅಂದಳು.

"ಸದ್ದು ಹೋಗೋ ತೂತಲ್ಲಿ ಬೆಂಕೀನೂ ಬರುತ್ತೆ. ಆಗಲ್ಲ."

"ಮತ್ತೇನು ಮಾಡೋದು?"

"ಮೆಟ್ಟಿಲು ಅಂತ ಒಂದಿದೆ ದೊಡ್ಡಮ್ಮ. ಬಹಳ ಹಳೇ ಉಪಾಯ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕನ್ನಡಕ ಹಾಕಿಕೊಂಡು, ಗಜಕೋಲು ಊರಿಕೊಂಡು ಎದ್ದಳು. ಇಳಿಯಲು ಎರಡು ಗಂಟೆಯೇನೂ ಬೇಕಾಗಲಿಲ್ಲ, ಬೈಗುಳಕ್ಕೆ ನಿಂತ ಹೊತ್ತನ್ನು ಸೇರಿಸಿದರೂ ಹಾಲು ಕಾಯುವಷ್ಟು ಹೊತ್ತು. ಮೆಟ್ಟಿಲ ಬುಡದಲ್ಲಿ ಬ್ರೆಡ್ಡಿನ ಚೀಲಗಳು ಸಾಲಾಗಿ ಕೂತಿದ್ದವು. ಅವನ್ನು ನೋಡಿ ಅವಳ ಬೈಗುಳವೂ ನಿಂತಿತು.

ಬೇಕರಿಯಲ್ಲಿ ಚಿಕ್ಕಮ್ಮ ನಮಗೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದಳು. ಬಾಗಿಲಲ್ಲಿ ನಿಂತು ದೊಡ್ಡಮ್ಮ ಗಜಕೋಲಿನಿಂದ ನೆಲಕ್ಕೆ ಮೂರು ಏಟು ಕುಟ್ಟಿದಳು.

ಚಿಕ್ಕಮ್ಮನ ಕೈ ನಿಂತಿತು. ತಿರುಗಲಿಲ್ಲ. ಏಣಿ ಚಾವಣಿಗೆ ಚಾಚಿದ ಕೈಯನ್ನು ಹಾಗೇ ಹಿಡಿದ. ಚಿಕ್ಕಮ್ಮ ಮುಷ್ಟಿಯಿಂದ ಮೇಜಿಗೆ ಎರಡು ಗುದ್ದಿದಳು, ಹಿಟ್ಟು ಎದ್ದು ಹಾರಿತು.

"ಎದ್ದಿದ್ದೀನಿ," ಅಂದಳು. "ಬ್ರೆಡ್ಡು ಒಣಗಿ ಇಟ್ಟಿಗೆ ಆಗೋವರೆಗೂ ಕಾದಿದ್ದೀನಿ."

"ನನ್ನ ಟೈಲ್ಸು ಒಡೆದುಹೋಯ್ತು."

"ನನ್ನ ಚಾವಣಿ ಒಡೆದುಹೋಯ್ತು."

ಆಮೇಲೆ ಇಬ್ಬರೂ ಒಟ್ಟಿಗೆ ಅತ್ತರು, ಒಟ್ಟಿಗೆ ನಕ್ಕರು, ಯಾವುದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ನನಗೂ ಅದೇ ಕೆಲಸವಾಗಿತ್ತು. ದೊಡ್ಡಮ್ಮನ ಕಪ್ಪು ರವಿಕೆಯ ಬೆನ್ನ ಮೇಲೆ ಹಿಟ್ಟಿನ ಎರಡು ಕೈಗಳು ಅಚ್ಚಾಗಿದ್ದವು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ.

ನಾನೂ ಏಣಿಯೂ ತೂತಿದ್ದ ಕಡೆ ಹೊಸ ಹಲಗೆ ಕೂರಿಸಿದೆವು. ಸಂದು ತಪ್ಪಿಸಿ, ಎರಡು ಪದರ, ಅಂಚಿಗೆ ಪುಟ್ಟಿ ಮೆತ್ತಿ, ರಸಮಟ್ಟ ಹಿಡಿದು ನೋಡಿದೆ. ಗುಳ್ಳೆ ಸರಿಯಾಗಿ ನಟ್ಟನಡುವೆ ನಿಂತಿತ್ತು. ಕೆಳಗಿಳಿದು ಕೈ ಒರೆಸಿಕೊಳ್ಳುತ್ತಿದ್ದೆ. ದೊಡ್ಡಮ್ಮ ಬನ್ನು ಅಗಿಯುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ಕತ್ತು ಓರೆಯಾಯಿತು.

"ಸ್ವಲ್ಪ ವಾಲಿದೆ ಅಲ್ವಾ?"

ಚಿಕ್ಕಮ್ಮ ಅಕ್ಕನ ಪಕ್ಕಕ್ಕೆ ಬಂದು ನಿಂತು, ಅವಳ ಹಾಗೆಯೇ ಕತ್ತು ಓರೆ ಮಾಡಿ, ಬಹಳ ಹೊತ್ತು ನೋಡಿದಳು.

"ಹೂಂ ಅಕ್ಕಾ," ಅಂದಳು. "ವಾಲಿದೆ."

ಏಣಿ ರಸಮಟ್ಟ ಎತ್ತಿ ತೋರಿಸಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಹೌದು, ವಾಲಿದೆ," ಅಂದೆ. "ನಾಳೆ ಬಂದು ಸರಿ ಮಾಡ್ತೀನಿ. ಇಬ್ಬರೂ ಇಲ್ಲೇ ನಿಂತು ನೋಡಿ ಹೇಳಬೇಕು."