ಇಂಗಿಸಿದ ಕಷಾಯ

ಪಿಳ್ಳಮ್ಮನ ಕಷಾಯ ಅಂದರೆ ಬೊಮ್ಮನಹಳ್ಳಿಯ ಆ ವಠಾರದ ಹೆಂಗಸರಿಗೆ ಮಾತ್ರೆಗಿಂತ ಹೆಚ್ಚು ನಂಬಿಕೆ. ಓಮ, ಜಜ್ಜಿದ ಶುಂಠಿ, ಚೂರು ಬೆಲ್ಲ, ಅಷ್ಟೇ. ಬಾಡಿಗೆಗಿದ್ದ ಮಹಾದೇವಿ ಮುಟ್ಟಿನ ನೋವಿಗೆ ಚಾಪೆಯ ಮೇಲೆ ಮುದುರಿಕೊಂಡಿದ್ದಾಗ ಮನೆಯೊಡತಿ ಪಿಳ್ಳಮ್ಮನೇ ತಂದುಕೊಟ್ಟಿದ್ದಳು. ಅವತ್ತು ಭಾನುವಾರ. ಲೋಟಗಟ್ಟಲೆ ಕುಡಿದ ಹುಡುಗಿ ಸಂಜೆಗೆ ಎದ್ದು ಬಟ್ಟೆ ಒಗೆದಳು.

ಆದರೆ ಮುಟ್ಟು ಭಾನುವಾರವನ್ನೇ ನೋಡಿಕೊಂಡು ಬರುತ್ತದೆಯೇ? ಮುಂದಿನ ತಿಂಗಳು ಸೋಮವಾರ ಬೆಳಿಗ್ಗೆಯೇ ಹೊಟ್ಟೆ ಹಿಂಡತೊಡಗಿತು. ಅವಳು ಕೆಲಸ ಮಾಡುವ ಗಾರ್ಮೆಂಟ್ಸ್ ಫ್ಯಾಕ್ಟರಿಯ ಸೂಪರ್‌ವೈಸರ್ ನರೇಶ್ ಮೊದಲೇ ಹೇಳಿದ್ದ: "ಇನ್ನೊಂದ್ಸಲ ಹೊಟ್ಟೆನೋವು ಅಂತ ರಜಾ ಹಾಕಿದ್ರೆ ಮೆಷಿನ್ ಇಲ್ಲಮ್ಮ. ಹೆಲ್ಪರ್ ಆಗಿ ನಿಂತ್ಕೊಂಡು ದಾರ ಕಟ್ ಮಾಡು." ಕಾಲರ್ ಹೊಲಿಯುವ ಆ ಮೆಷಿನ್ ಸಿಗಲಿ ಅಂತಲೇ ಗದಗದಿಂದ ಬಂದ ಮಹಾದೇವಿ ವರ್ಷಗಟ್ಟಲೆ ನಿಂತು ದಾರ ಕತ್ತರಿಸಿದ್ದಳು.

"ಫ್ಲಾಸ್ಕ್ ತುಂಬ ಆಕ್ಕೊಡ್ತೀನಿ, ಗುಟುಕ್ ಗುಟುಕ್ ಕುಡೀತಿರವ್ವಾ," ಎಂದಳು ಪಿಳ್ಳಮ್ಮ.

"ಬ್ಯಾಡ್ರಿ ಅಮ್ಮಾರ. ನಾನ ಕುದಿಸ್ಕೊಂತೀನ್ರಿ."

ಪಾತ್ರೆ ತುಂಬ ಇದ್ದ ಕಷಾಯವನ್ನು ತಳ ಹತ್ತುವವರೆಗೆ ಕುದಿಸಿದಳು. ಉಳಿದ ಕಪ್ಪು ಅಂಟನ್ನು ಖಾಲಿ ಹೊಟ್ಟೆಗೆ ಸುರಿದುಕೊಂಡು ಓಡಿದಳು.

ಮೆಷಿನ್ ಮುಂದೆ ಕೂತ ಸ್ವಲ್ಪ ಹೊತ್ತಿಗೆ ಎದೆ, ಹೊಟ್ಟೆ ಎಲ್ಲ ಬೆಂಕಿ. ನೋವು ಹೋಗಿರಲಿಲ್ಲ, ಅದರ ಮೇಲೆ ಈ ಉರಿ. ಹಲ್ಲು ಕಚ್ಚಿ ಹೊಲಿದಳು. ಕೊನೆಗೆ ಬಿಳಿ ಕಾಲರುಗಳ ಕಟ್ಟಿನ ಮೇಲೇ ವಾಂತಿಯಾಯಿತು.

"ಮದ್ವೆ ಆಗಿಲ್ಲ ಅಂತಿದ್ಯಲ್ಲಮ್ಮ?" ಎಂದ ನರೇಶ್. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಭಾಗ್ಯಮ್ಮ, "ಇವ್ನ ಬಾಯ್ಗೆ ಹುಳ ಬೀಳ," ಎಂದು ಗೊಣಗಿದಳು, ತನ್ನ ಮೆಷಿನ್ ನಿಲ್ಲಿಸದೆ. ಮಧ್ಯಾಹ್ನಕ್ಕೆ ಮಹಾದೇವಿಯ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು.

ಸಂಜೆ ಪಿಳ್ಳಮ್ಮ ಕರಿಹಿಡಿದ ಪಾತ್ರೆ ನೋಡಿ ಬೆಚ್ಚಿದಳು. "ಅಯ್ಯೋ ನನ್ ಕಂದಾ, ನೀರೆಲ್ಲ ಏನ್ಮಾಡ್ದೆ?"

"ಇಂಗಿಸಿದೆರಿ. ನೀರು ಕುಡದ್ರ ಪಾಯಖಾನಿಗೆ ಹೋಗಬೇಕಾಗ್ತದ. ಊಟಕ್ಕ ಬಿಟ್ಟಾಗಷ್ಟ ಬಿಡ್ತಾರ್ರಿ. ಅಲ್ಲಿತನಕ ಲೈನಿನ್ಯಾಗ ಯಾರೂ ನೀರು ಮುಟ್ಟಂಗಿಲ್ಲ."

ಆ ಫ್ಯಾಕ್ಟರಿ ಇರುವಲ್ಲಿ ಹಿಂದೆ ಊರಿನ ನೀರಿನ ಕುಂಟೆ ಇತ್ತು. "ಅದೇ ಜಾಗದಾಗೆ ನಮ್ ಎಮ್ಮೆಗೂ ಒಟ್ಟೆ ತುಂಬ ನೀರು ಕುಡುಸ್ತಿದ್ವಲ್ಲೇ," ಎಂದಳು ಪಿಳ್ಳಮ್ಮ.

ಮರುದಿನ ಬೆಳಿಗ್ಗೆ ತೆಳುವಾದ ಕಷಾಯ ತಾನೇ ಕಾಸಿ, ದೊಡ್ಡ ಲೋಟದಲ್ಲಿ ತಂದಳು. ಮಹಾದೇವಿ ತುಟಿ ಒದ್ದೆ ಮಾಡಿಕೊಂಡು ಲೋಟ ಕೆಳಗಿಟ್ಟಳು.

"ಉಳದದ್ದು ಸಂಜೀಕ ಕುಡೀತೀನ್ರಿ, ಅಮ್ಮಾರ."

ಹೊಟ್ಟೆಯ ಮೇಲೆ ಕೈ ಒತ್ತಿಕೊಂಡು, ನಿಂತು ದಾರ ಕತ್ತರಿಸುವುದಕ್ಕೆ ಹೊರಟಳು. ಪಿಳ್ಳಮ್ಮ ಹಬೆಯಾಡುವ ಲೋಟದ ಮೇಲೆ ತಟ್ಟೆ ಮುಚ್ಚಿದಳು.